ಬುಧವಾರವಿಲ್ಲದ ಮನೆ

ಕುರಿಯ ತಲೆಯನ್ನು ಬೆಂಕಿಗೆ ಹಿಡಿದು ಕೂದಲು ಸುಡುವಾಗ ಬರುವ ವಾಸನೆ ನನಗೆ ಚಿಕ್ಕಂದಿನಲ್ಲಿ ತುಂಬ ಇಷ್ಟವಾಗಿತ್ತು. ಆ ವಾಸನೆ ಬಂತೆಂದರೆ ಮನೆಗೆ ನೆಂಟರು ಬರುತ್ತಾರೆ, ಮಕ್ಕಳನ್ನು ಯಾರೂ ಗದರುವುದಿಲ್ಲ, ಸಂಜೆಗೆ ಅಜ್ಜಿ ಬೆಂದ ತಲೆಯಿಂದ ಕಿವಿ ಕೊಯ್ದು ನನ್ನ ಅಂಗೈಯಲ್ಲಿ ಇಡುತ್ತಾಳೆ ಎಂದು ಅರ್ಥ. ಸುಟ್ಟ ಉಣ್ಣೆಯ ಕಮಟು, ಒಣಸಗಣಿಯ ಹೊಗೆ, ಅವೆರಡರ ನಡುವೆ ಚರ್ಮ ಬಿರಿದು ಕೊಬ್ಬು ಕರಗುವ ಸಿಹಿ ನಾತ. ನಾನು ಬೇಕೆಂದೇ ಹೊಗೆ ಬರುವ ಕಡೆಗೆ ಹೋಗಿ ನಿಲ್ಲುತ್ತಿದ್ದೆ.

ಜೂರಾಕಾನ್‌ಳನ್ನು ಮಣ್ಣು ಮಾಡಿದ ದಿನದಿಂದ ಆ ವಾಸನೆ ಬಂದರೆ ಕಿಟಕಿ ಹಾಕಿಕೊಳ್ಳುತ್ತೇನೆ.

ಜೂರಾಕಾನ್ ನನ್ನ ಪಕ್ಕದ ಮನೆಯವಳು. ನಾವಿಬ್ಬರೂ ಒಂದೇ ಚಳಿಗಾಲದಲ್ಲಿ ಈ ಬೀದಿಗೆ ಸೊಸೆಯರಾಗಿ ಬಂದೆವು. ನಮ್ಮಲ್ಲಿ ಸೊಸೆಯಾದವಳು ಗಂಡನ ಕಡೆಯ ಹಿರಿಯರ ಹೆಸರು ಹೇಳಬಾರದು. ಆ ಪದ ಬೇರೆ ಯಾವುದೋ ಮಾತಿನ ನಡುವೆ ಬಂದರೂ ಅದನ್ನು ಸುತ್ತಿ ಬಳಸಿ ದಾಟಬೇಕು. ನಾನು ಕಾಲೇಜು ಓದಿ ಶಾಲೆಯಲ್ಲಿ ಸಸ್ಯಶಾಸ್ತ್ರ ಕಲಿಸಲು ಬಂದವಳು. ಈ ಪದ್ಧತಿಯನ್ನು ಅರ್ಧ ಪಾಲಿಸಿದೆ, ಅರ್ಧ ಮರೆತಂತೆ ನಟಿಸಿದೆ. ಜೂರಾಕಾನ್ ಪೂರ್ತಿ ಪಾಲಿಸಿದಳು. ಅವಳ ಭಾವನ ಹೆಸರು ಶಾರ್ಶೆನ್. ಬುಧವಾರ ಹುಟ್ಟಿದವನಿಗೆ ಇಡುವ ಹೆಸರು, ವಾರದ ಹೆಸರೇ ಅದು. ಹಾಗಾಗಿ ಅವಳ ಮನೆಯಲ್ಲಿ ಬುಧವಾರವೇ ಇರಲಿಲ್ಲ. "ಮಂಗಳವಾರದ ಮಾರನೇ ದಿನ ಸಂತೆಗೆ ಹೋಗೋಣ ಕಣೇ" ಎನ್ನುತ್ತಿದ್ದಳು. ಜ್ವರ ಯಾವತ್ತು ಬಂತೆಂದು ಹೊಸ ಡಾಕ್ಟರು ಕೇಳಿದಾಗ "ಗುರುವಾರದ ಹಿಂದಿನ ದಿನ" ಎಂದಳು. ಅವನು ಅವಳ ತಲೆಗೂ ಒಂದು ಪರೀಕ್ಷೆ ಬರೆದುಕೊಟ್ಟ. ಗಂಡ ಸತ್ತ ಮೇಲೂ ಅವಳು ಆ ವಾರವನ್ನು ನಾಲಿಗೆಗೆ ತರಲಿಲ್ಲ.

ಅವಳಿಗೆ ಒಂದೇ ಮಗು. ಹೆಣ್ಣೆಂದು ಹೆಸರಿಟ್ಟು ಬೆಳೆಸಿದರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಮ್ಮೂರಿನ ಪ್ರತಿ ಹಿತ್ತಲಲ್ಲೂ ಬಿಡುವ ಒಂದು ಹಣ್ಣಿನ ಹೆಸರು ಅದರೊಳಗೆ ಇತ್ತು ಎಂದಷ್ಟೇ ಹೇಳುತ್ತೇನೆ. ಮಗು ಬೆಳೆದು ರಾಜಧಾನಿ ಬಿಷ್ಕೆಕ್‌ಗೆ ಹೋಗಿ, ಬಟ್ಟೆ ಒಗೆಯುವ ಯಂತ್ರಗಳ ರಿಪೇರಿ ಕಲಿತು, ಕೆಲಸ ಕೈಗೆ ಹತ್ತಿದ ಮೇಲೆ ತಾಯಿಯನ್ನು ಕರೆಸಿಕೊಂಡು ತಾನು ಗಂಡು, ತನ್ನ ಹೆಸರು ಉರ್ಮತ್ ಎಂದು ಹೇಳಿದ. ಉರ್ಮತ್ ಎಂದರೆ ಮರ್ಯಾದೆ. ಡಾಕ್ಟರ ಔಷಧದಿಂದ ಅವನ ದನಿ ಒಡೆಯಿತು, ಗಲ್ಲದ ಮೇಲೆ ಗಡ್ಡ ಚಿಗುರಿತು. ಆಮೇಲೆ ಅವನು ಊರಿಗೆ ಬರಲಿಲ್ಲ. ಬರಬೇಡವೆಂದು ಶಾರ್ಶೆನ್ ಹೇಳಿ ಕಳಿಸಿದ್ದ.

ಜೂರಾಕಾನ್ ಯಾರೊಂದಿಗೂ ವಾದ ಮಾಡಲಿಲ್ಲ. ಆದರೆ ಮಗುವಿನ ಹಳೆಯ ಹೆಸರನ್ನು ಅವಳು ಮತ್ತೆ ಹೇಳಿದ್ದನ್ನು ಊರಿನಲ್ಲಿ ಯಾರೂ ಕೇಳಲಿಲ್ಲ. ಹೊಸ ಹೆಸರನ್ನೂ ಜನರ ಎದುರು ಹೇಳುತ್ತಿರಲಿಲ್ಲ. "ನನ್ನ ಮಗು" ಎನ್ನುತ್ತಿದ್ದಳು, ಅಷ್ಟೇ. ಆಗಾಗ ಕಣ್ಣು ತೋರಿಸಬೇಕೆಂದು ಪಟ್ಟಣಕ್ಕೆ ಹೋಗುತ್ತಿದ್ದಳು. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ. ಹೋಗುವಾಗ ಕೆಟ್ಟ ಇಸ್ತ್ರಿಪೆಟ್ಟಿಗೆಯನ್ನೋ ರೇಡಿಯೋವನ್ನೋ ಚೀಲದಲ್ಲಿ ಒಯ್ಯುತ್ತಿದ್ದಳು. ಬರುವಾಗ ಅದು ಸರಿಯಾಗಿ ಬರುತ್ತಿತ್ತು. ನಮ್ಮ ಮನೆಯ ಹಳೆಯ ವಿದ್ಯುತ್ ಒಲೆಯೂ ಹಾಗೆ ಒಮ್ಮೆ ಪ್ರಯಾಣ ಮಾಡಿ ಬಂದಿದೆ.

ಹಿಮ ಬೀಳುವ ಮೊದಲು ಅವಳು ತೀರಿಕೊಂಡಳು. ಹೃದಯ ನಿಂತಿತು ಎಂದರು. ಉರ್ಮತ್‌ಗೆ ನಾನೇ ಫೋನ್ ಮಾಡಿದೆ.

ಅವಳ ಅಂಗಳದಲ್ಲಿ ಕಂಬಳಿಯ ಗುಡಾರ ಎಬ್ಬಿಸಿ, ಪರದೆಯ ಹಿಂದೆ ಅವಳನ್ನು ಮಲಗಿಸಿದ್ದರು. ಒಳಗೆ ಹೆಂಗಸರು ಗೋಡೆಗೆ ಮುಖ ಮಾಡಿ ಕುಳಿತು ಅಳುಹಾಡು ಹಾಡುತ್ತಿದ್ದರು. ಹೊರಗೆ ಬಾಗಿಲ ಪಕ್ಕ ಮನೆಯ ಗಂಡಸರು ನಡುವಿಗೆ ಪಟ್ಟಿ ಕಟ್ಟಿ, ಕೋಲೂರಿ, ಸಾಲಾಗಿ ನಿಂತಿದ್ದರು. ಸಾವಿಗೆ ಬರುವವರು ಬೇಲಿಯ ಬಳಿಯಿಂದಲೇ ದೊಡ್ಡ ದನಿಯಲ್ಲಿ ಅಳುತ್ತ ಬರಬೇಕು. ಸಾಲಿನಲ್ಲಿ ನಿಂತವರು ಅಳುವಿನಿಂದಲೇ ಉತ್ತರ ಕೊಡಬೇಕು. ಅಳುತ್ತ ಬಂದವನಿಗೆ ಮರು ಅಳು ಕೊಡದಿದ್ದರೆ ಅದು ಮುಖಕ್ಕೆ ಉಗಿದ ಹಾಗೆ.

ಉರ್ಮತ್ ಬೆಳಿಗ್ಗೆ ಬಾಡಿಗೆ ಕಾರಿನಿಂದ ಇಳಿದು, "ಅಮ್ಮಾ, ನನ್ನಮ್ಮಾ" ಎಂದು ಅಳುತ್ತ ಓಡಿ ಬಂದ. ಸಾಲಿನಲ್ಲಿ ನಿಂತ ಒಬ್ಬನೂ ಬಾಯಿ ತೆರೆಯಲಿಲ್ಲ. ಅಂಗಳದ ನಡುವೆ ಬರುವಷ್ಟರಲ್ಲಿ ಅವನ ದನಿ ತಾನಾಗಿ ಸತ್ತುಹೋಯಿತು. ಒಲೆಯ ಬಳಿ ಕುರಿಯ ತಲೆ ಸುಡುತ್ತಿದ್ದವನು ಮಾತ್ರ ತಲೆಯನ್ನು ತಿರುಗಿಸುತ್ತಲೇ ಇದ್ದ, ಕೂದಲು ಚಟಚಟ ಸುಡುತ್ತಿತ್ತು.

"ಬಂದ್ಯಾ," ಎಂದ ಶಾರ್ಶೆನ್. "ತಲೆಗೆ ಬಟ್ಟೆ ಕಟ್ಕೊಂಡು ಒಳಗೆ ಹೋಗು. ಹೆಂಗಸರ ಜೊತೆ ಕೂತು ಅಳು. ಯಾರೂ ಬೇಡ ಅನ್ನಲ್ಲ."

"ನಾನು ಬಾಗಿಲಲ್ಲಿ ನಿಲ್ತೀನಿ, ದೊಡ್ಡಪ್ಪ."

"ಬಾಗಿಲಲ್ಲಿ ಗಂಡಸರು ನಿಲ್ತಾರೆ."

"ಅದಕ್ಕೇ ನಿಲ್ತೀನಿ ಅಂದಿದ್ದು."

ಶಾರ್ಶೆನ್‌ನ ಮಗ ಮಾರಾತ್ ಮೂಗಿನಲ್ಲೇ ನಕ್ಕ. "ಮೀಸೆ ನೋಡು ಅದರದ್ದು. ನನ್ನ ಹೆಂಡ್ತಿಗೇ ಇದಕ್ಕಿಂತ ಜಾಸ್ತಿ ಇದೆ."

ಸಾವಿನ ಅಂಗಳದಲ್ಲಿ ನಾಲ್ಕಾರು ಜನ ನಕ್ಕರು. ಒಬ್ಬ ನಗು ತಡೆಯಲು ಹೋಗಿ ತನ್ನ ತೋಳಿಗೇ ಸಿಂಬಳ ಒರೆಸಿಕೊಂಡ.

"ಸಮಾಧಿಗೂ ಬರ್ತೀನಿ," ಎಂದ ಉರ್ಮತ್. "ಅಮ್ಮನ್ನ ನಾನು ಇಳಿಸ್ತೀನಿ. ಬೇರೆ ಏನೂ ಕೇಳಲ್ಲ. ಮನೆ ಬೇಡ, ಏನೂ ಬೇಡ. ಸಂಜೆನೇ ಹೊರಟು ಹೋಗ್ತೀನಿ."

"ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಬರಲ್ಲ. ಅದೂ ಮರೆತುಹೋಯ್ತಾ ಪಟ್ಟಣದಲ್ಲಿ?"

ನಾನು ಹೋಗಿ ಹುಡುಗನ ಕೈ ಹಿಡಿದೆ. ತಣ್ಣಗಿತ್ತು. "ಬಾ ಉರ್ಮತ್, ನಮ್ಮ ಮನೇಲಿ ಮುಖ ತೊಳ್ಕೋ. ದಾರಿಯ ಧೂಳು" ಎಂದೆ. ಆ ಹೆಸರನ್ನು ಗಟ್ಟಿಯಾಗಿಯೇ ಹೇಳಿದೆ. ಸಾಲಿನಲ್ಲಿ ಯಾರೋ ಕ್ಯಾಕರಿಸಿ ಉಗಿದರು. ಉಗುಳು ನನ್ನ ಮೋಟುಬೂಟಿನ ಹತ್ತಿರ ಬಿತ್ತು. ಹಿಂತಿರುಗಿ ನೋಡಿದರೆ ಎಲ್ಲರ ಕಣ್ಣೂ ನೆಲದ ಮೇಲೆ.

ನಮ್ಮ ಮನೆಯಲ್ಲಿ ನನ್ನ ಗಂಡ ಮುಕಾಯ್ ಸಾವಿಗೆ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದ.

"ಏನ್ ಮುದುಕಿ, ಇಷ್ಟು ಬೇಗ ವಾಪಸ್?"

"ನಿನ್ನ ನಡುಪಟ್ಟಿ ಎಲ್ಲಿ?"

"ನಡುವಲ್ಲಿ."

"ಬಿಚ್ಚಿ ಕೊಡು. ಇವನಿಗೆ ಬೇಕು."

ಮುಕಾಯ್ ನನ್ನನ್ನು ನೋಡಿದ, ಉರ್ಮತ್‌ನನ್ನು ನೋಡಿದ. "ನನ್ನ ಪ್ಯಾಂಟು ನಿಂತಿರೋದೇ ಅದರ ಮೇಲೆ."

"ಬಿದ್ದರೆ ನೋಡೋರು ಯಾರಿದ್ದಾರೆ ಈ ವಯಸ್ಸಲ್ಲಿ?"

"ದಾರನಾದ್ರೂ ಕೊಡು ಮತ್ತೆ," ಎಂದು ಗೊಣಗುತ್ತ ಪಟ್ಟಿ ಬಿಚ್ಚಿ, ತಾನೇ ಬಗ್ಗಿ ಉರ್ಮತ್‌ನ ನಿಲುವಂಗಿಯ ಮೇಲೆ ಕಟ್ಟಿದ. ಎರಡು ಸಲ ಸುತ್ತಿ, ಗಂಟನ್ನು ಎಡಕ್ಕೆ ತಂದು, ಎಳೆದು ನೋಡಿದ. ಹಿತ್ತಲಿನಿಂದ ವಿಲೋ ಮರದ ಒಂದು ಹಸಿ ಕೋಲು ಕಡಿದು ತಂದು ತೊಗಟೆ ಹೆರೆದುಕೊಟ್ಟ.

"ಕಾಲಿಚಾ ಅಮ್ಮ," ಎಂದ ಉರ್ಮತ್ ನನಗೆ, "ನಾನು ಹಿಂದಕ್ಕೆ ಹೋಗ್ಬಿಡ್ಲಾ? ಅಮ್ಮನ ಹೆಣ ಇಟ್ಕೊಂಡು ಜಗಳ ಬೇಡ."

"ನಿನಗೆ ಹೋಗಬೇಕು ಅನ್ನಿಸಿದರೆ ನಾನೇ ಕಾರಿನವರೆಗೆ ಬರ್ತೀನಿ. ನಿಲ್ಲಬೇಕು ಅನ್ನಿಸಿದರೆ ಅದಕ್ಕೂ ಬರ್ತೀನಿ. ಯಾವುದು?"

ಅವನು ಕೋಲನ್ನು ಒಮ್ಮೆ ನೆಲಕ್ಕೆ ಊರಿ ನೋಡಿದ. "ನಿಲ್ತೀನಿ."

"ನನಗೆ ಇದೆಲ್ಲ ಅರ್ಥ ಆಗಲ್ಲ ಕಣಪ್ಪ," ಎಂದ ಮುಕಾಯ್, ಪ್ಯಾಂಟಿಗೆ ದಾರ ಬಿಗಿಯುತ್ತ. "ಸುಳ್ಳು ಯಾಕೆ ಹೇಳಲಿ. ಆದರೆ ನಿಲ್ಲೋಕೆ ಬರುತ್ತೆ. ಮಂಡಿ ನೋಯೋವರೆಗೂ ಪಕ್ಕದಲ್ಲಿ ನಿಲ್ತೀನಿ, ಆಮೇಲೆ ಸ್ಟೂಲು ಹಾಕ್ಕೊಂಡು ಕೂರ್ತೀನಿ."

ಬೆಳಗಿನಿಂದ ಮೊದಲ ಬಾರಿ ಹುಡುಗನ ತುಟಿ ಸ್ವಲ್ಪ ಸಡಿಲವಾಯಿತು. ಹೊರಡುವಾಗ ನಾನು ಅವನಿಗೆ ಮಾತ್ರ ಕೇಳುವಂತೆ, "ಅವರ ಪಾಯಿಖಾನೆ ಹತ್ರ ಹುಡುಗರು ಗುಂಪು ಕಟ್ಟಿ ನಿಂತಿರ್ತಾರೆ. ನೀನು ಬೇಲಿ ದಾಟಿ ಇಲ್ಲಿಗೇ ಬಾ. ಹಿಂದಿನ ಬಾಗಿಲು ಹಾಕಲ್ಲ" ಎಂದೆ. ಅಲ್ಲಿಯವರೆಗೆ ಕಿವಿಯ ಹತ್ತಿರ ಏರಿ ಕೂತಿದ್ದ ಅವನ ಭುಜಗಳು ಕೆಳಗಿಳಿದವು. ರಾತ್ರಿಯೆಲ್ಲ ಕಾರಿನಲ್ಲಿ ಕೂತು ಬಂದವನು ಅದನ್ನೇ ಯೋಚಿಸುತ್ತಿದ್ದನೇನೋ.

ಸಾಲಿನ ಕೊನೆಯಲ್ಲಿ ಉರ್ಮತ್ ನಿಂತ, ಅವನ ಪಕ್ಕ ಮುಕಾಯ್ ನಿಂತ. ಶಾರ್ಶೆನ್ ನಮ್ಮ ಮನೆಯವನ ಮುಖ ನೋಡಿ ಆಗ ಸುಮ್ಮನಾದ. ಅವನ ಟ್ರ್ಯಾಕ್ಟರನ್ನು ಸರಿಮಾಡಿಕೊಡುವವನು ಈ ಊರಿನಲ್ಲಿ ಮುಕಾಯ್ ಒಬ್ಬನೇ.

ಜನ ಬರತೊಡಗಿದರು. ಗಂಡಸರು ಸಾಲಿನಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ತಬ್ಬಿ ಬರುತ್ತಿದ್ದರು. ಉರ್ಮತ್‌ನ ಹತ್ತಿರ ಬಂದಾಗ ಗಂಜಲದ ಹೊಂಡ ದಾಟುವವರಂತೆ ಪಕ್ಕಕ್ಕೆ ಹೆಜ್ಜೆಯಿಟ್ಟು ಮುಕಾಯ್‌ನನ್ನು ತಬ್ಬುತ್ತಿದ್ದರು. ನಾನು ಒಲೆಯ ಬಳಿ ಈರುಳ್ಳಿ ಹೆಚ್ಚುತ್ತ ಇದನ್ನೆಲ್ಲ ನೋಡುತ್ತಿದ್ದೆ. ಇವರಲ್ಲಿ ಎಷ್ಟು ಜನರಿಗೆ ನಾನು ಹೂವಿನ ಭಾಗಗಳನ್ನು ಹೇಳಿಕೊಟ್ಟಿದ್ದೇನೆ, ಒಂದೇ ಹೂವಿನಲ್ಲಿ ಗಂಡು ಕೇಸರವೂ ಹೆಣ್ಣು ಶಲಾಕೆಯೂ ಇರುವುದನ್ನು ಭೂತಗನ್ನಡಿಯಲ್ಲಿ ತೋರಿಸಿದ್ದೇನೆ. ಆಗ ಬಾಯಿ ಬಿಟ್ಟು ನೋಡಿದ್ದರು.

ಮೇಲಿನ ಹುಲ್ಲುಗಾವಲಿನಿಂದ ಬಂದ ಒಬ್ಬ ಮುದಿ ಕುರುಬ ಮಾತ್ರ ಉರ್ಮತ್‌ನನ್ನು ಗಟ್ಟಿಯಾಗಿ ತಬ್ಬಿ, "ಧೈರ್ಯ ತಗೋ ಮಗನೇ, ಎಲ್ಲರ ಅಮ್ಮಂದಿರೂ ಹೋಗ್ತಾರೆ" ಎಂದ. ಮಾರಾತ್ ಅವನ ಕಿವಿಯಲ್ಲಿ ಏನೋ ಹೇಳಿದ. ಮುದುಕ ಕಣ್ಣು ಕಿರಿದಾಗಿಸಿ ಉರ್ಮತ್‌ನನ್ನು ಇನ್ನೊಮ್ಮೆ ನೋಡಿ, "ಅಳ್ತಾ ಇದ್ದಾನಲ್ಲೋ, ನಿನಗೇನು ಕಷ್ಟ?" ಎಂದು ಕೇಳಿ ಚಹಾದ ಕಡೆಗೆ ಹೋದ.

ಬಂದವರಿಗೆ ಪಕ್ಕದ ಡೇರೆಯಲ್ಲಿ ಊಟ. ನಮ್ಮಲ್ಲಿ ಮಾಂಸದ ಮೂಳೆಗೂ ಒಂದು ಮಾತಿದೆ: ಯಾವ ಮೂಳೆ ಯಾರ ತಟ್ಟೆಗೆ ಬಂತೋ ಅದರಿಂದ ಅವರು ಯಾರೆಂದು ತಿಳಿಯುತ್ತದೆ. ತೊಡೆಮೂಳೆ ಗಂಡಸರಿಗೆ. ಬಾಲದ ಬುಡದ ಮೂಳೆ ಹೆಂಗಸರಿಗೆ. ಸಾಲಿನವರು ಸರದಿಯಲ್ಲಿ ಹೋಗಿ ಉಣ್ಣುವಾಗ ಮಾರಾತ್ ಒಂದು ತಟ್ಟೆ ತಂದು ಉರ್ಮತ್‌ನ ಮುಂದೆ ಇಟ್ಟ. ಅದರಲ್ಲಿ ಬಾಲದ ಬುಡದ ಮೂಳೆ. ಇಟ್ಟು, ಫೋನ್ ಎತ್ತಿ ಅವನ ಮುಖಕ್ಕೆ ಹಿಡಿದ. ಡೇರೆಯಲ್ಲಿ ಜಿಡ್ಡುಬಾಯಿಗಳೆಲ್ಲ ಅಗಿಯುವುದನ್ನು ನಿಲ್ಲಿಸಿ ಅರ್ಧ ತೆರೆದುಕೊಂಡವು. ಒಬ್ಬನ ಗಡ್ಡದಿಂದ ಕೊಬ್ಬು ತೊಟ್ಟಿಕ್ಕುತ್ತಿತ್ತು. ಉರ್ಮತ್ ತಟ್ಟೆ ಮುಟ್ಟಲಿಲ್ಲ. ಮೂಳೆಯ ಸುತ್ತ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತು.

ಅವನು ತಿನ್ನದೆ ಎದ್ದು ಹೋಗಿ ಮತ್ತೆ ಕೋಲೂರಿ ನಿಂತ. ನಾನು ಡೇರೆಯೊಳಗೆ ಹೋದೆ.

"ಮಾರಾತ್, ಆ ಫೋನ್ ಕೊಡು."

"ಯಾಕೆ ಮೇಷ್ಟ್ರಮ್ಮ?"

"ಚಹಾದ ಸಮೋವಾರಿಗೆ ನೀರು ಬೇಕು. ಎರಡು ಕೊಡ ಹೊರೋನಿಗೆ ಮೂರನೇ ಕೈ ಎಲ್ಲಿಂದ ಬರುತ್ತೆ? ಹೊಳೆಯಿಂದ ತಾ, ಕೊಳಾಯಿದು ಬೇಡ. ಉಪ್ಪು."

ನನ್ನ ತರಗತಿಯಲ್ಲಿ ಕಡೆಯ ಬೆಂಚಿನಲ್ಲಿ ಕೂತವನು. ಕೊಟ್ಟ. ಅದನ್ನು ಏಪ್ರನ್ನಿನ ಜೇಬಿನಲ್ಲಿ ಹಾಕಿಕೊಂಡೆ. ಇಡೀ ದಿನ ಅದು ನನ್ನ ಹೊಟ್ಟೆಯ ಮೇಲೆ ಸಾಯುತ್ತಿರುವ ಇಲಿಯಂತೆ ಆಗಾಗ ನಡುಗುತ್ತಿತ್ತು.

ಒಲೆಯ ಹತ್ತಿರ ಇನ್ನೂ ಕೆಟ್ಟದ್ದು ಕಾದಿತ್ತು. ಶಾರ್ಶೆನ್‌ನ ಹೆಂಡತಿ ಬಾತ್ಮಾ, ಸತ್ತವಳ ಓರಗಿತ್ತಿ, ಕರಿದ ರೊಟ್ಟಿತುಂಡುಗಳನ್ನು ಒಂದರ ಹಿಂದೆ ಒಂದು ಬಾಯಿಗೆ ಹಾಕಿಕೊಳ್ಳುತ್ತ ನನ್ನ ಪಕ್ಕ ಸರಿದಳು.

"ಕಾಲಿಚಾ ಅಕ್ಕ, ನೀವು ಓದಿದವರು. ಹೇಳಿ, ಈಗ ಅದಕ್ಕೆ ಕೆಳಗೆ ಏನಿದೆ? ಕೊಯ್ಸಿಕೊಂಡಿದೆಯಾ, ಹೊಲಿಸಿಕೊಂಡಿದೆಯಾ?"

ಅವಳ ನಾಲಿಗೆಯ ಮೇಲೆ ಅಗಿದ ಹಿಟ್ಟು ಕಾಣುತ್ತಿತ್ತು. ಗುಡಾರದ ಒಳಗೆ, ನಮ್ಮಿಂದ ನಾಲ್ಕು ಮಾರು ಆಚೆ, ಆ ಹುಡುಗನ ತಾಯಿ ಬಿಳಿ ಬಟ್ಟೆಯಲ್ಲಿ ಮಲಗಿದ್ದಳು.

"ಬಾತ್ಮಾ, ನಿನ್ನ ಗಂಡನ ಕೆಳಗೆ ಈಗ ಏನು ಉಳಿದಿದೆ ಅಂತ ನಾನು ಯಾವತ್ತಾದರೂ ಚಹಾ ಕುಡೀತಾ ಕೇಳಿದ್ದೀನಾ?"

ಈರುಳ್ಳಿ ಹೆಚ್ಚುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಬಾತ್ಮಾ ಕೆಂಪಾದಳು. "ಅದೇನು ಹೋಲಿಕೆ ಅಕ್ಕ. ನಾನು ಸುಮ್ಮನೆ ಕೇಳಿದೆ. ಹೊಸ ಹೆಸರು ಬೇರೆ ಅಂತೆ. ಹಳೇದು ರೂಢಿಯಾಗಿರೋ ನಾಲಿಗೆ, ಹೊಸದಕ್ಕೆ ಹೇಗೆ ತಿರುಗುತ್ತೆ?"

"ತಿರುಗಲ್ವಾ?"

"ಹೆತ್ತವಳಿಗೇ ತಿರುಗಲಿಲ್ಲ. ಜೂರಾಕಾನ್ ಇಷ್ಟು ವರ್ಷ ಹಳೇದೋ ಹೊಸದೋ ಒಂದು ಹೆಸರು ಎತ್ತಿದ್ದಾಳಾ? ಇಲ್ಲ. ಹೇಸಿಗೆಗೆ ಕಿತ್ತು ಎಸೆದಿದ್ದಳು. ಪಾಪ, ಆ ಕೊರಗಲ್ಲೇ ತಲೆನೂ ಕೆಟ್ಟಿತ್ತು ಬಿಡಿ. ಹೋದ ತಿಂಗಳು ನಮ್ಮನೆಗೆ ಬಂದು, 'ನಿಮ್ಮ ಮರದ ಗುಂಡಗಿನದು ನಾಲ್ಕು ಕೊಡೇ, ಜಾಮ್ ಮಾಡ್ತೀನಿ' ಅಂದಳು. ಏನೇ ಗುಂಡಗಿನದು ಅಂದೆ. ಮರದ ಕಡೆ ಬೆರಳು ತೋರಿಸ್ತಾಳೆ, ಬಾಯಿಂದ ಹಣ್ಣಿನ ಹೆಸರು ಬರ್ತಿಲ್ಲ."

"ನನ್ನ ಹತ್ರನೂ ಹಂಗೇ," ಎಂದಳು ಇನ್ನೊಬ್ಬಳು. "ಸಂತೇಲಿ, 'ಕೆಂಪು ಗುಂಡಗಿನದು ಹೇಗೆ ಕೊಟ್ಟೆ' ಅಂತ. ಅಂಗಡಿಯವನು ಮೂಲಂಗಿ ತೂಕ ಮಾಡಿಬಿಟ್ಟ."

ಮತ್ತೆ ನಗು. ನಾನೂ ಆ ಮಾತನ್ನು ಅವಳ ಬಾಯಲ್ಲಿ ಕೇಳಿದ್ದೆ. ವಯಸ್ಸಾಯಿತು, ಪದಗಳು ಜಾರುತ್ತಿವೆ ಎಂದುಕೊಂಡಿದ್ದೆ. ಚಾಕು ನನ್ನ ಕೈಯಲ್ಲಿ ನಿಂತಿತು. ಪದ ಜಾರಿರಲಿಲ್ಲ. ಉಳಿದ ಯಾವ ಹಣ್ಣಿನ, ಯಾವ ತರಕಾರಿಯ ಹೆಸರೂ ಜಾರಿರಲಿಲ್ಲ. ಅದೊಂದೇ, ಮಗುವಿನ ಹಳೆಯ ಹೆಸರಿನೊಳಗಿದ್ದದ್ದು.

ಅಷ್ಟರಲ್ಲಿ ಅಂಗಳದಲ್ಲಿ ಸದ್ದಾಯಿತು. ದೇಹವನ್ನು ಹೊರಗೆ ತಂದಿದ್ದರು. ಗಂಡಸರು ನಮಾಜಿಗೆ ಸಾಲಾಗುತ್ತಿದ್ದರು. ಹೊಸದಾಗಿ ಬಂದ ಎಳೆಗಡ್ಡದ ಮುಲ್ಲಾ ಚಳಿಗೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ಕೇಳಿದ:

"ಹೆಂಗಸಿನ ದೇಹ. ಗುಂಡಿಗೆ ಇಳಿದು ಮಲಗಿಸೋಕೆ ಹೊಟ್ಟೆಯಲ್ಲಿ ಹುಟ್ಟಿದ ಮಗ ಬೇಕು, ಇಲ್ಲ ಒಡಹುಟ್ಟಿದವನು. ಯಾರಿದ್ದೀರಿ?"

"ಅಣ್ಣತಮ್ಮಂದಿರು ಇಲ್ಲ," ಎಂದ ಶಾರ್ಶೆನ್. "ಮಗನೂ ಇಲ್ಲ. ನಾನೇ ಇಳೀತೀನಿ."

"ನಾನಿದ್ದೀನಿ," ಎಂದ ಉರ್ಮತ್.

"ನೀನು ಬಾಯಿ ಮುಚ್ಚು. ಬೆಳಗಿಂದ ಸಹಿಸಿಕೊಂಡಿದ್ದೀನಿ. ಮುಲ್ಲಾ, ಸತ್ತವಳೇ ಇದರ ಹೆಸರು ನಾಲಿಗೆ ಮೇಲೆ ತರ್ತಿರಲಿಲ್ಲ. ಅವಳೇ ಕಿತ್ತು ಎಸೆದಿದ್ದನ್ನ ನಾವ್ಯಾಕೆ ಎತ್ಕೋಬೇಕು? ನನ್ನ ಮಾತು ಬೇಡ, ಹೆಂಗಸರನ್ನೇ ಕೇಳಿ."

ಹೆಂಗಸರನ್ನು ಕೇಳಿ ಎಂದು ಅವನು ಬಾಯಿಮಾತಿಗೆ ಹೇಳಿದ್ದ. ನಾನು ಏಪ್ರನ್ನಿಗೆ ಕೈ ಒರೆಸಿಕೊಂಡು ಹೋಗಿ ಗಂಡಸರ ಸಾಲಿನ ಎದುರು ನಿಂತೆ. ನನ್ನ ಹಿಂದೆ ಒಲೆಯ ಬಳಿಯ ಹೆಂಗಸರೂ ಕುತೂಹಲಕ್ಕೆ ಬಂದರು.

"ಕೇಳಿದ್ರಲ್ಲ ಶಾರ್ಶೆನಣ್ಣ, ಹೇಳ್ತೀವಿ. ಬಾತ್ಮಾ, ಜೂರಾಕಾನ್ ಇವತ್ತು ಬದುಕಿದ್ದಿದ್ರೆ ಇದು ಯಾವ ವಾರ ಅಂತಿದ್ದಳು?"

ಬಾತ್ಮಾ ಯೋಚಿಸದೆ ಹೇಳಿದಳು: "ಮಂಗಳವಾರದ ಮಾರನೇ ದಿನ."

"ಯಾಕೆ ಹಾಗೆ?"

"ಇದೇನು ಕೇಳ್ತೀರಿ ಅಕ್ಕ. ಭಾವನ ಹೆಸರ ವಾರ ಅಲ್ವಾ. ಸೊಸೆ ಹೇಗೆ ಹೇಳ್ತಾಳೆ?"

"ಭಾವನನ್ನ ಕಂಡರೆ ಹೇಸಿಗೆ, ಅದಕ್ಕಾ? ಮನಸ್ಸಿಂದ ಕಿತ್ತು ಎಸೆದಿದ್ದಳಾ ಅವರನ್ನ?"

"ಬಿಡ್ತು ಅನ್ನಿ. ಮರ್ಯಾದೆಗೆ."

"ಸರಿ. ಹೋದ ತಿಂಗಳು ನಿಮ್ಮ ಮರದಿಂದ ಅವಳು ಏನು ಕೇಳಿದ್ದಳು?"

ಬಾತ್ಮಾ ಬಾಯಿ ತೆರೆದಳು. ಅವಳ ಕಣ್ಣು ನನ್ನಿಂದ ಗಂಡನ ಕಡೆಗೆ, ಗಂಡನಿಂದ ಉರ್ಮತ್‌ನ ಕಡೆಗೆ ಹೋಯಿತು. ಅಲ್ಲಿದ್ದ ಪ್ರತಿ ಹೆಂಗಸೂ ಯಾರದೋ ಮನೆಯ ಸೊಸೆ. ಪ್ರತಿಯೊಬ್ಬಳ ನಾಲಿಗೆಯೂ ಒಂದೊಂದು ಪದವನ್ನು ಜೀವನವಿಡೀ ಸುತ್ತಿ ನಡೆದಿದೆ. ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೂಲಂಗಿಯ ಕಥೆ ಹೇಳಿ ನಕ್ಕವಳು ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡಳು.

"ಗುಂಡಗಿನದು," ಎಂದಳು ಬಾತ್ಮಾ ಕೊನೆಗೆ, ಕೇಳಿಸದಷ್ಟು ಮೆಲ್ಲಗೆ.

"ನಿಮಗಾಗಿ ಒಂದು ವಾರ ಬಿಟ್ಟಳು ಶಾರ್ಶೆನಣ್ಣ. ಇವನಿಗಾಗಿ ಒಂದು ಹಣ್ಣು ಬಿಟ್ಟಳು. ಹೇಸಿಗೆ ಪಟ್ಟು ಯಾರಾದರೂ ಹಣ್ಣಿನ ಹೆಸರು ಬಿಡ್ತಾರಾ?"

ಉರ್ಮತ್‌ಗೆ ಇದು ಗೊತ್ತಿರಲಿಲ್ಲ. ಅವನು ಎರಡೂ ಕೈಗಳಿಂದ ಕೋಲನ್ನು ಹಿಡಿದು ಅದರ ಮೇಲೆ ಹಣೆಯಿಟ್ಟ. ಬೆಳಿಗ್ಗೆ ಅಂಗಳದ ನಡುವೆ ಸತ್ತ ದನಿ ಈಗ ಹೊರಬಂತು: "ಅಮ್ಮಾ, ನನ್ನಮ್ಮಾ." ಒರಟಾದ, ಒಡೆದ, ಗಂಡಸಿನ ಅಳು. ಮುಕಾಯ್ ಮರು ಅಳು ಕೊಟ್ಟ. ನನ್ನ ಗಂಡನಿಗೆ ರಾಗ ಬರುವುದಿಲ್ಲ, ಕತ್ತೆ ಅರಚಿದ ಹಾಗಿರುತ್ತದೆ. ಆ ಮುದಿ ಕುರುಬನೂ ಕೊಟ್ಟ. ಇನ್ನೊಬ್ಬರು, ಮತ್ತೊಬ್ಬರು.

ಶಾರ್ಶೆನ್ ಒಂದು ಬದಿಗೆ ಉಗಿದು ಆಕಾಶ ನೋಡಿದ. ಮುಲ್ಲಾ ಕೂಡ ಇಳಿಯುತ್ತಿದ್ದ ಸೂರ್ಯನನ್ನು ನೋಡಿದ. ಅವನಿಗೆ ಚಳಿಯೂ ಆಗಿತ್ತು, ಹಸಿವೂ ಆಗಿತ್ತು.

"ಹೊತ್ತು ಹೋಗ್ತಾ ಇದೆ. ತಾಯಿ ಮರ್ಯಾದೆ ಕೊಟ್ಟವನನ್ನ ಅಳೆಯೋ ಕೆಲಸ ನನ್ನದಲ್ಲ. ಇಳಿಯೋ ಮಗ ಮುಂದೆ ಬಾ."

ಅವರು ಅವಳನ್ನು ಹೊತ್ತು ಗುಡ್ಡದ ಕಡೆಗೆ ಹೋದರು. ನಾವು ಹೆಂಗಸರು ಬೇಲಿಯವರೆಗೆ ಮಾತ್ರ. ಸಾಲಿನ ಮುಂದೆ ನನ್ನ ಗಂಡನ ನಡುಪಟ್ಟಿ ಹೋಗುತ್ತಿರುವುದು ಬಹಳ ದೂರದವರೆಗೆ ಕಂಡಿತು.

ವಾಪಸ್ ಬಂದಾಗ ಮುಕಾಯ್‌ನ ಮಂಡಿಯವರೆಗೆ ಮಣ್ಣು.

"ಏನಾಯ್ತು?"

"ಇಳಿದ. ಅವನೇ ಮಲಗಿಸಿದ. ತಲೆ ಹತ್ರ ಕಲ್ಲಿತ್ತು, ಅದನ್ನ ಕೈಯಿಂದ ತೆಗೆದು ಹಾಕಿದ. ಮೇಲೆ ಬರೋಕೆ ನಾನು ಕೈ ಕೊಟ್ಟೆ."

"ಮತ್ತೆ?"

"ಮತ್ತೇನು, ದಾರ ಕಿತ್ತುಹೋಯ್ತು. ಒಂದು ಕೈ ಅವನಿಗೆ, ಒಂದು ಕೈ ಪ್ಯಾಂಟಿಗೆ."

ಇಲ್ಲಿಗೆ ಮುಗಿಸಿದರೆ ಚೆನ್ನಾಗಿರುತ್ತಿತ್ತು. ಆದರೆ ಗುಡ್ಡದಿಂದ ಇಳಿದು ಬಂದವರು ಏನು ಮಾಡಿದರೆಂದೂ ಹೇಳಬೇಕು. ಬೆಳಿಗ್ಗೆ ಹೊಂಡ ದಾಟಿದ ಹಾಗೆ ದಾಟಿದವರೇ ಈಗ ಉರ್ಮತ್‌ನ ಬೆನ್ನು ತಟ್ಟುತ್ತಿದ್ದರು. "ತಮ್ಮ" ಎನ್ನುತ್ತಿದ್ದರು. ಒಬ್ಬ ತನ್ನ ಮನೆಯ ಬಟ್ಟೆಯಂತ್ರದ ಪಂಪು ಸೋರುತ್ತದೆ, ಸ್ವಲ್ಪ ನೋಡಿ ಹೋಗು ಎಂದ. ಮುಲ್ಲಾ ಒಪ್ಪಿದ ಮೇಲೆ ಹುಟ್ಟಿದ ಈ ಅಕ್ಕರೆ ನನಗೆ ಬೆಳಗಿನ ಉಗುಳಿಗಿಂತ ಹೆಚ್ಚು ವಾಕರಿಕೆ ತಂದಿತು. ಉಗುಳು ಕಾಲಿನ ಹತ್ತಿರ ಬಿದ್ದಿತ್ತು. ಈ ಜಿಡ್ಡುಗೈ ಹುಡುಗನ ಹೆಗಲ ಮೇಲೆಯೇ ಕೂತಿತ್ತು. ಮಾರಾತ್ ಬಂದು, "ಮೇಷ್ಟ್ರಮ್ಮ, ಫೋನ್" ಎಂದು ಕೈ ಚಾಚಿದ. ಡೇರೆಯಲ್ಲಿ ತೆಗೆದ ಚಿತ್ರವನ್ನು ನನ್ನ ಎದುರೇ ಅಳಿಸಿಸಿ ಕೊಟ್ಟೆ. "ತಮಾಷೆಗೆ ಕಣ್ರೀ" ಎಂದ. ಅವನ ಹಲ್ಲಿನ ಸಂದಿಯಲ್ಲಿ ಮಾಂಸದ ನಾರು ಸಿಕ್ಕಿಕೊಂಡಿತ್ತು.

ಡೇರೆಯಲ್ಲಿ ಕೊನೆಯ ಪಂಕ್ತಿ ಕೂತಿತು. ಶಾರ್ಶೆನ್ ಹಿರಿತನದ ಪ್ರಕಾರ ಹೆಸರು ಕರೆದು ಕರೆದು ಮೂಳೆ ಕಳಿಸುತ್ತಿದ್ದ. ಮುಲ್ಲಾನಿಗೆ ತಲೆ ಹೋಯಿತು, ಸುಟ್ಟ ಉಣ್ಣೆಯ ನಾತದೊಂದಿಗೆ. ದಾಯಾದಿಗಳಿಗೆ, ಅಳಿಯಂದಿರಿಗೆ, ಪಕ್ಕದ ಕಣಿವೆಯ ಬೀಗರಿಗೆ ಹೋಯಿತು. ಉರ್ಮತ್‌ನ ಹೆಸರು ಬರಲಿಲ್ಲ. ಕರೆಯಬೇಕಾದರೆ ಯಾವುದಾದರೂ ಒಂದು ಹೆಸರು ಹೇಳಲೇಬೇಕಲ್ಲ. ಹುಡುಗ ಡೇರೆಯ ಬಾಗಿಲ ಬಳಿ ಬೂಟುಗಳ ಪಕ್ಕ ಕೂತು ಉಗುರಿನ ಮಣ್ಣು ನೋಡುತ್ತಿದ್ದ. ಹಿಂದಿನ ದಿನದಿಂದ ಅವನು ಏನೂ ತಿಂದಿರಲಿಲ್ಲ.

ಏನಾದರೂ ತರೋಣವೆಂದು ನಾನು ಒಲೆಯ ಬಳಿ ಹೋದೆ. ಬಾತ್ಮಾ ಅಲ್ಲಿ ಒಬ್ಬಳೇ ಇದ್ದಳು. ನನ್ನನ್ನು ನೋಡಿಯೂ ನೋಡದಂತೆ ದೊಡ್ಡ ಕಡಾಯಿಯ ಮುಚ್ಚಳ ಸರಿಸಿದಳು. ತಳದಲ್ಲಿ, ಸಾರಿನೊಳಗೆ ಬಿಸಿಯಾಗಿರಲೆಂದು, ಒಂದು ಇಡೀ ತೊಡೆಮೂಳೆಯನ್ನು ಮಾಂಸ ಸಮೇತ ಬಚ್ಚಿಟ್ಟಿದ್ದಳು. ಯಾವಾಗ ಇಟ್ಟಳೋ ತಿಳಿಯದು. ಅವಳು ಇದೇ ಒಲೆಯ ಬಳಿ ಕೇಳಿದ ಪ್ರಶ್ನೆಯನ್ನು ನಾನು ಮರೆತಿಲ್ಲ, ಕ್ಷಮಿಸಿಯೂ ಇಲ್ಲ. ಆ ಬಾಯಿಯನ್ನು ನೋಡಿದರೆ ಇವತ್ತಿಗೂ ನನಗೆ ಅಗಿದ ಹಿಟ್ಟೇ ಕಾಣುತ್ತದೆ. ಅವಳು ತಟ್ಟೆಗೆ ನೂಡಲ್ ಹಾಕಿ, ಮೇಲೆ ಮೂಳೆಯಿಟ್ಟು, ಒಂದು ಸೌಟು ಬಿಸಿ ಸಾರು ಸುರಿದಳು. ಡೇರೆಯ ಒಳಗಿನಿಂದ ಹೋಗದೆ ಹಿಂದಿನಿಂದ ಸುತ್ತಿ ಬಂದಳು.

ಉರ್ಮತ್‌ನ ಮುಂದೆ ಅವಳು ಒಂದು ಕ್ಷಣ ನಿಂತಳು. ತಟ್ಟೆಯ ಅಂಚಿಗೆ ಅಂಟಿದ್ದ ಕೊಬ್ಬನ್ನು ತಲೆವಸ್ತ್ರದ ತುದಿಯಿಂದ ಒರೆಸಿದಳು. ಆಮೇಲೆ ಬಗ್ಗಿ, ಹಿರಿಯರಿಗೆ ಕೊಡುವ ಹಾಗೆ, ಎರಡೂ ಕೈಯಿಂದ ಅವನಿಗೆ ಕೊಟ್ಟಳು.